ಮಳೆ ಬಂದರೆ ನೋಟವಿಲ್ಲ: ಕೊಮಾಚಿಯ ತಂಕಾ ಮತ್ತು ಅದರ ಅನುವಾದಗಳು

ಹನ ನೊ ಇರೊ ವ
ಉತ್ಸುರಿನಿಕೆರಿ ನ
ಇತಝುರ ನಿ
ವಗ ಮಿ ಯೊ ನಿ ಫುರು
ನಗಮೆ ಸೆಶಿ ಮ ನಿ

9ನೆಯ ಶತಮಾನದ ಜಪಾನಿ ಕವಯಿತ್ರಿ ಒನೊ ನೊ ಕೊಮಾಚಿಯ ತಂಕಾ, ಎಂದರೆ ಐದು ಸಾಲಿನ ಕಿರುಪದ್ಯವಿದು. 'ಕೊಕಿನ್‌ಶೂ' ಸಂಕಲನದಲ್ಲಿ 113ನೆಯದು, 'ಹ್ಯಕುನಿನ್ ಇಶ್ಶು' ಎಂಬ ನೂರು ಪದ್ಯಗಳ ಸಂಕಲನದಲ್ಲಿ 9ನೆಯದು. ಜಪಾನಿ ಕಾವ್ಯದ ಯಾವ ಅನುವಾದವನ್ನಾದರೂ ಒರೆಗೆ ಹಚ್ಚಬೇಕಿದ್ದರೆ ಇದೊಂದು ಪದ್ಯ ಸಾಕು. ಕಾರಣ ಇದರೊಳಗಿನ ಶ್ಲೇಷ. 'ಫುರು' ಎಂದರೆ ಮಳೆ ಸುರಿಯುವುದು. ವಯಸ್ಸಾಗುತ್ತ ಕಾಲ ಕಳೆಯುವುದೂ ಹೌದು. 'ನಗಮೆ' ಎಂದರೆ ಏನೋ ಯೋಚಿಸುತ್ತ ದಿಟ್ಟಿಸಿ ಕೂರುವುದು. 'ನಗ ಅಮೆ' ಎಂದು ಬಿಡಿಸಿದರೆ ಬಿಡದೆ ಹಿಡಿದ ಮಳೆ. 'ಯೊ' ಎಂದರೆ ಲೋಕ, ಜೊತೆಗೆ ಗಂಡುಹೆಣ್ಣಿನ ಸಂಬಂಧ. ಒಂದೇ ಉಸಿರಿನಲ್ಲಿ ಹೂವೂ ಮಾಸುತ್ತದೆ, ಹೆಣ್ಣೂ ಮಾಸುತ್ತಾಳೆ.

ಕನ್ನಡದ ಓದುಗರಿಗೆ ಇದು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕವೇ ಬರುವುದರಿಂದ ಮೊದಲು ಅಲ್ಲಿಯ ಎರಡು ಅನುವಾದಗಳನ್ನು ನೋಡೋಣ. ವಿಲಿಯಂ ಪೋರ್ಟರ್ (1909) ಪ್ರತಿ ತಂಕಾವನ್ನೂ 8-6-8-6-6 ಉಚ್ಚಾರಾಂಶಗಳ ಐದು ಸಾಲಿಗೆ ಕೂರಿಸಿ, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಅಂತ್ಯಪ್ರಾಸ ಹಾಕುತ್ತಾರೆ. ಈ ಪದ್ಯದಲ್ಲಿ ಅವರಿಗೆ ಮಳೆ ಸಿಕ್ಕಿದೆ, ಆದರೆ ಅದು ಜಡಿಮಳೆ. ಹೂವಿನ ಬಣ್ಣವನ್ನು ತೊಳೆದೇಬಿಡುತ್ತದೆ. ಕೂತು ನೋಡುವವಳು ಮಾತ್ರ ಮಾಯ. ಕೆನೆತ್ ರೆಕ್ಸ್‌ರಾತ್ (1955) ಪ್ರಾಸ, ಎಣಿಕೆ ಎರಡನ್ನೂ ಬಿಟ್ಟು ನಾಲ್ಕೇ ಸಾಲಿನಲ್ಲಿ ಮುಗಿಸುತ್ತಾರೆ. ಅಲ್ಲಿ ನೋಟವಿದೆ, ಆ ನೋಟ ಲೋಕದೊಳಗೆ ಬೀಳುತ್ತದೆ ಕೂಡ, ಆದರೆ ಮಳೆಯೇ ಇಲ್ಲ. ಶ್ಲೇಷವನ್ನು ಸೀಳಿ ಇಬ್ಬರೂ ಅರ್ಧರ್ಧ ಹಂಚಿಕೊಂಡ ಹಾಗಿದೆ. ಕವಿತೆಯಾಗಿ ರೆಕ್ಸ್‌ರಾತ್ ಬಹಳ ಮೇಲು. ಆದರೆ ಯಾವುದೊಂದನ್ನೇ ಮುಂದಿಟ್ಟುಕೊಂಡು ಕನ್ನಡಿಸಿದರೂ ಪದ್ಯದ ಅರ್ಧವೇ ಸಿಗುವುದು. ಕನ್ನಡಿಸುವವರಿಗೆ ನೆರವಾಗುವುದು ಜೋಶುವಾ ಮೋಸ್ಟೋ ಅವರ ಪುಸ್ತಕ (1996): ಒಂದೊಂದು ಪದ್ಯವನ್ನೂ ಜಪಾನಿನ ಹಳೆಯ ಟೀಕಾಕಾರರು ಯಾವ ಕಾಲದಲ್ಲಿ ಹೇಗೆ ಓದಿದರು ಎಂಬುದನ್ನು ಅವರು ಬಿಡಿಸಿಡುತ್ತಾರೆ. ಅದರ ಪಕ್ಕದಲ್ಲಿ ಮೂಲದ ಉಚ್ಚಾರಣೆ ತೆರೆದಿರಲಿ.

ಇನ್ನು ಕನ್ನಡದ ಪಾತ್ರೆ. ತಂಕಾ ಎಂದರೆ 5-7-5-7-7 ಎಂದು ಎಲ್ಲರಿಗೂ ಗೊತ್ತು. ಏನನ್ನು ಎಣಿಸಬೇಕು ಎಂಬಲ್ಲಿ ಮಾತ್ರ ಎಡವಟ್ಟಾಗುತ್ತದೆ. ಜಪಾನಿಯಲ್ಲಿ 'ನಿಪ್ಪೊನ್' ಎಂಬುದಕ್ಕೆ ನಾಲ್ಕು ಎಣಿಕೆ, 'ತೋಕ್ಯೋ' ಎಂಬುದಕ್ಕೂ ನಾಲ್ಕು. ದೀರ್ಘಕ್ಕೆ ಎರಡು, ಒತ್ತಿಗೆ ಇನ್ನೊಂದು. ಇದು ನಮ್ಮ ಮಾತ್ರೆಯ ಲೆಕ್ಕವೇ ಹೊರತು ಅಕ್ಷರದ್ದಲ್ಲ. ಕೊಮಾಚಿಯ ಪದ್ಯದಲ್ಲಿ ಪ್ರತಿ ಅಕ್ಷರವೂ ಲಘುವಾದ್ದರಿಂದ ('ತ್ಸು' ಜಪಾನಿಯಲ್ಲಿ ಒಂದೇ ಎಣಿಕೆ, ಒತ್ತಲ್ಲ) ಎರಡು ಲೆಕ್ಕವೂ ಒಂದೇ ಬರುತ್ತದೆ. ಮೋಸ ಹೋಗುವುದೂ ಅಲ್ಲೇ. (ಮೊದಲ ಸಾಲಿನಲ್ಲಿ ಐದರ ಬದಲು ಆರಿವೆ. ಸಾಲಿನ ನಡುವೆ 'ಇ'ಯಂಥ ಬಿಡಿ ಸ್ವರ ಬಂದರೆ ಒಂದು ಹೆಚ್ಚಾಗಲು ಅವರಲ್ಲಿ ರಿಯಾಯಿತಿ ಇದೆ.)

ಅಕ್ಷರ ಎಣಿಸಿದ ಪ್ರಯೋಗ ಹೀಗೆ:

ಹೂವಿನ ಬಣ್ಣ
ಮಾಸಿ ಹೋಯಿತು ನೋಡು
ಸುಮ್ಮನೆ ಹೀಗೆ
ಸುರಿವ ಮಳೆಯನ್ನು
ನೋಡುತ್ತ ಕುಳಿತಾಗ

ಅಕ್ಷರ 31 ಸರಿಯಾಗಿದೆ. ಮಾತ್ರೆ ಎಣಿಸಿದರೆ 42. ಹೆಚ್ಚಾದ ಜಾಗ ತುಂಬಲು 'ನೋಡು', 'ಹೀಗೆ' ಬಂದು ಕೂತಿವೆ. ಇವೆರಡನ್ನು ತೆಗೆದರೆ ಪದ್ಯಕ್ಕೆ ಏನೂ ಆಗದು. ಇಷ್ಟಾಗಿಯೂ ವಯಸ್ಸಿನ ಮಾತೇ ಇಲ್ಲ. ಪಾತ್ರೆ ದೊಡ್ಡದು, ಸರಕು ಕಡಿಮೆ.

ಎಣಿಕೆ ಬಿಟ್ಟು ಬಿಡಿಯಾಗಿ ಬರೆದರೆ ಅರ್ಥವೆಲ್ಲ ಬರುತ್ತದೆ: ಹೂವಿನ ಬಣ್ಣ ಮಾಸಿಹೋಗಿದೆ, ಬಿಡದೆ ಸುರಿಯುವ ಮಳೆಯನ್ನು ದಿಟ್ಟಿಸುತ್ತ, ಪ್ರೀತಿಯ ಬಗ್ಗೆ ಚಿಂತಿಸುತ್ತ ಕೂತಿದ್ದಾಗ ನನ್ನ ಪ್ರಾಯವೂ ವ್ಯರ್ಥವಾಗಿ ಸರಿದುಹೋಯಿತು. ಮೂಲದ ಕೆಳಗೆ ಕೊಡಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಪದ್ಯವೆಂದು ಕೊಡಲಾಗದು. ಮುಚ್ಚಿಟ್ಟಿದ್ದನ್ನು ಬಿಚ್ಚಿಟ್ಟ ಮೇಲೆ ಶ್ಲೇಷಕ್ಕೆ ಕೆಲಸವೆಲ್ಲಿ?

ಮೂರನೆಯದು ಮಾತ್ರೆಯ ದಾರಿ. 31 ಮಾತ್ರೆ ಕೇಳಲು ತೀರಾ ಕಡಿಮೆ. ಆದರೆ ಮೂಲದಲ್ಲೂ ಗಟ್ಟಿ ಪದಗಳಿರುವುದು ಒಂಬತ್ತೋ ಹತ್ತೋ ಅಷ್ಟೆ, ಹಾಗಾಗಿ ಅಳತೆ ಸರಿಹೊಂದುತ್ತದೆ. ಇಲ್ಲಿ ಬೇಕಾದ್ದು ಕನ್ನಡದ್ದೇ ಒಂದು ಶ್ಲೇಷ. 'ಸುರಿ', 'ಹೊತ್ತು', 'ಬಾಡು' ಯಾವುದೂ ಒಗ್ಗುವುದಿಲ್ಲ. ಒಗ್ಗುವುದು 'ಕಳೆ'. ಮುಖದ ಕಳೆ ಎಂದರೆ ಕಾಂತಿ. ದಿನ ಕಳೆ ಎಂದರೆ ವ್ಯಯಿಸು. ಇದ್ದದ್ದನ್ನು ಕಳೆದುಕೊಳ್ಳುವುದೂ ಅದೇ ಧಾತುವಿನಿಂದ.

ಹೂವ ಕಳೆ
ಹೋಯಿತಲ್ಲಾ
ಸುಮ್ಮನೇ
ಮಳೆಯ ನೋಡುತ
ಹರೆಯ ಕಳೆದೆನು

ಎಣಿಸಿ ನೋಡಿ: 5, 7, 5, 7, 7. ನಾಲ್ಕನೆಯ ಸಾಲನ್ನು 'ಮಳೆ ನೋಡುತ್ತ' ಎಂದಿಟ್ಟರೂ ಏಳು ಮಾತ್ರೆಯೇ, ಆದರೆ 4+3 ಆಗಿ ನಾಲಿಗೆ ತಡವರಿಸುತ್ತದೆ. 'ಮಳೆಯ ನೋಡುತ' ಎಂದಾಗ 3+4. ನಮ್ಮ ಕಿವಿ ಏಳು ಮಾತ್ರೆಯನ್ನು ಹಾಗೆಯೇ ಕೇಳಿ ಬೆಳೆದಿದೆ, ಭಾಮಿನಿ ಷಟ್ಪದಿಯಿಂದ. ಇದರ ಅಪಾಯವೂ ಅಲ್ಲೇ ಇದೆ: ಕೊನೆಯ ಎರಡು ಸಾಲನ್ನು ಒಂದೇ ಎಳೆಯಲ್ಲಿ ಓದಿದರೆ 3+4+3+4, ಭಾಮಿನಿಯ ಒಂದು ಪೂರ್ತಿ ಸಾಲು, ಕೊಮಾಚಿಯ ಬಾಯಲ್ಲಿ ಕುಮಾರವ್ಯಾಸ ಬಂದುಬಿಡುತ್ತಾನೆ. ಸಾಲು ಮುರಿದು ಬರೆಯುವುದು, ಓದುವಾಗ 'ನೋಡುತ' ಎಂಬಲ್ಲಿ ನಿಲ್ಲುವುದು, ಇಷ್ಟೇ ಪರಿಹಾರ.

ಲಾಭ ದೊಡ್ಡದು. 'ಹೋಯಿತಲ್ಲಾ' ಎಂಬುದು 'ನಿಕೆರಿ ನ' ಎಂಬ ಕೊನೆಗೆ ಹತ್ತಿರ ನಿಲ್ಲುತ್ತದೆ. ಆಗಿಹೋದದ್ದು ಈಗಷ್ಟೇ ಅರಿವಾದ ಉದ್ಗಾರ ಅದು. ನಡುವಿನ 'ಸುಮ್ಮನೇ' ಹಿಂದಿನ ಹೂವಿಗೂ ಅಂಟುತ್ತದೆ, ಮುಂದಿನ ಹರೆಯಕ್ಕೂ ಅಂಟುತ್ತದೆ. ಮೂಲದ 'ಇತಝುರ ನಿ' ಯಾವ ಕಡೆಗೆ ಸೇರಬೇಕೆಂಬ ತಕರಾರು ಜಪಾನಿನಲ್ಲೂ ಇದೆ. ನಷ್ಟವೂ ಇದೆ: 'ಯೊ' ಪೂರ್ತಿ ಬಿದ್ದುಹೋಯಿತು, ಮಳೆ ಮತ್ತು ನೋಟ ಒಂದೇ ಪದದಲ್ಲಿಲ್ಲ, ಶ್ಲೇಷ ಜಾಗ ಬದಲಿಸಿದೆ. ಆದರೂ ಮೂರರಲ್ಲಿ ಆರಿಸಿಕೊಳ್ಳಬೇಕಾದ್ದು ಇದನ್ನೇ.

ಜಪಾನಿನ ಹಳೆಯ ಹಾಡು-ಕುಣಿತದ ರಂಗಪ್ರಕಾರವಾದ ನೋ ನಾಟಕಕ್ಕೆ ಇದೇ ಉಪಾಯ ಹಿಡಿದು ಹೊರಟರೆ ಕೆಡುತ್ತದೆ. 'ಹಗೊರೊಮೊ'ವನ್ನು ತೆಗೆದುಕೊಳ್ಳಿ: ಮಿಹೊ ಎಂಬ ಕಡಲತೀರದ ಪೈನ್ ಮರಕ್ಕೆ ತೂಗುಬಿದ್ದ ಗರಿಯ ಉಡುಗೆ, ಅದನ್ನೆತ್ತಿಕೊಂಡ ಬೆಸ್ತ, ಅದಿಲ್ಲದೆ ಹಾರಲಾಗದ ದೇವಕನ್ಯೆ. ಇಂಗ್ಲಿಷಿನಲ್ಲಿ ಇದನ್ನು ಎಜ್ರಾ ಪೌಂಡ್ (1916) ಜಪಾನಿ ಬಾರದೆ, ತೀರಿಕೊಂಡ ವಿದ್ವಾಂಸ ಫೆನೊಲೊಸಾ ಬಿಟ್ಟುಹೋದ ಟಿಪ್ಪಣಿಗಳಿಂದ ಕಟ್ಟಿದ್ದು. ಬಿಡಿ ಸಾಲುಗಳು ಹೊಳೆಯುತ್ತವೆ, ಕಥೆಯ ಎಳೆ ಹಿಡಿಯುವುದು ಕಷ್ಟ. ಆರ್ಥರ್ ವೇಲಿ (1921) ಸಲೀಸಾಗಿ ಓದಿಸಿಕೊಳ್ಳುತ್ತಾರೆ. ರಾಯಲ್ ಟೈಲರ್ (1992) ಮಾತಿಗೂ ಹಾಡಿಗೂ ಇರುವ ವ್ಯತ್ಯಾಸವನ್ನು ಪುಟದ ಮೇಲೆಯೇ ತೋರಿಸುತ್ತಾರೆ. ರಂಗಕ್ಕೆ ತರುವವರಿಗೆ ಟೈಲರ್, ಮೊದಲ ಓದಿಗೆ ವೇಲಿ.

ಮೊದಲೇ ಉಡುಗೆ ಕೊಟ್ಟರೆ, ಒಪ್ಪಿಕೊಂಡಂತೆ ಕುಣಿಯದೆ ಹಾರಿಹೋಗುತ್ತೀಯೆ ಎಂದು ಬೆಸ್ತ ಹೇಳಿದಾಗ ದೇವಕನ್ಯೆಯ ಉತ್ತರ: ಅನುಮಾನ ಇರುವುದು ಮನುಷ್ಯರಲ್ಲಿ, ಸ್ವರ್ಗದಲ್ಲಿ ಸುಳ್ಳೇ ಇಲ್ಲವಲ್ಲ. ಈ ಮಾತಿಗೆ ಮಾತ್ರೆ ಕಟ್ಟಬಾರದು, ನೇರ ಗದ್ಯವೇ ಸರಿ. ನಿಜವಾದ ತೊಡಕು ಹಿಮ್ಮೇಳದ್ದು. ನೋದಲ್ಲಿ ಎಂಟು ಜನರ ಹಿಮ್ಮೇಳ ಮುಖ್ಯ ಪಾತ್ರದ ಮಾತನ್ನೇ ಎತ್ತಿಕೊಂಡು ಹಾಡುತ್ತದೆ. ಯಕ್ಷಗಾನದ ಹಾಗೆ ಭಾಗವತರ ಪದ್ಯ ಮುಗಿದ ಮೇಲೆ ಪಾತ್ರಧಾರಿ ಅರ್ಥ ಹೇಳುವ ಪದ್ಧತಿ ಅಲ್ಲಿಲ್ಲ. ಜಪಾನಿ ಕ್ರಿಯಾಪದಕ್ಕೆ ನಾನು, ಅವಳು ಎಂಬ ಭೇದವಿಲ್ಲ, ಹಾಗಾಗಿ ಯಾರ ಮಾತೆಂಬುದು ತೇಲಾಡುತ್ತಲೇ ಇರಬಹುದು. ಕನ್ನಡದಲ್ಲಿ 'ಕುಣಿದೆನು' ಅಥವಾ 'ಕುಣಿದಳು', ಒಂದನ್ನು ಹೇಳಲೇಬೇಕು. 'ಕುಣಿಯುತ್ತ', 'ತೇಲುತ್ತ', 'ಬೆರೆತು' ಎಂದು ಕೃದಂತಗಳಲ್ಲಿ ಸಾಗಿಸಿದರೆ ಆ ತೀರ್ಮಾನವನ್ನು ಬಹಳ ದೂರ ಮುಂದೂಡಬಹುದು. ನಾಟಕದ ಕಟ್ಟಕಡೆಯ ಪದ 'ಉಸೆನಿಕೆರಿ', ಕೊಮಾಚಿಯಲ್ಲಿದ್ದ ಅದೇ 'ನಿಕೆರಿ'. ಅಲ್ಲಿಯವರೆಗೆ ಎಳೆದು ತಂದು ಒಮ್ಮೆಗೇ ಬಿಟ್ಟರೆ ಸಾಕು: ಆಗಸದ ಮಂಜಿನೊಳಗೆ ಬೆರೆತು ಮರೆಯಾದಳಲ್ಲಾ.