ಮನೆಮನೆಗೆ ಬಂದ ಸರ್ಕಾರಿ ಕಿರುಹೊತ್ತಿಗೆ: ಬ್ರೆಕ್ಸಿಟ್ ಮತದಾರನಿಗೆ ಸಿಕ್ಕ ಮಾಹಿತಿಯ ವಿಮರ್ಶೆ

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ (ಈ ಹೊರಬರುವಿಕೆಗೇ ಬ್ರೆಕ್ಸಿಟ್ ಎಂಬ ಹೆಸರು) ಎಂದು ಕೇಳಿದ 2016ರ ಜೂನ್ 23ರ ಜನಮತಗಣನೆಗೆ ಮುನ್ನ ಬ್ರಿಟನ್ ಸರ್ಕಾರವು ದೇಶದ ಸುಮಾರು 2 ಕೋಟಿ 70 ಲಕ್ಷ ಮನೆಗಳಿಗೆ ಒಂದು ಕಿರುಹೊತ್ತಿಗೆಯನ್ನು ತಲುಪಿಸಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯುವುದೇ ದೇಶಕ್ಕೆ ಲೇಸೆಂದು ಸರ್ಕಾರ ಏಕೆ ನಂಬಿದೆ ಎಂಬುದನ್ನು ವಿವರಿಸುವುದು ಅದರ ಉದ್ದೇಶವಾಗಿತ್ತು. ಮುದ್ರಣ, ವಿತರಣೆ ಮತ್ತು ಅಂತರ್ಜಾಲದ ಪ್ರಚಾರ ಸೇರಿ ಅದಕ್ಕೆ ತಗುಲಿದ ವೆಚ್ಚ 93 ಲಕ್ಷ ಪೌಂಡ್, ಅಂದರೆ ಮನೆಯೊಂದಕ್ಕೆ ಸುಮಾರು 34 ಪೆನ್ಸ್ (ಒಂದು ಪೌಂಡಿಗೆ 100 ಪೆನ್ಸ್). ಇಂಗ್ಲೆಂಡಿನವರಿಗೆ ಅದು ಏಪ್ರಿಲ್‌ನಲ್ಲಿ ಬಂದಿತು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನವರಿಗೆ ಅಲ್ಲಿನ ಚುನಾವಣೆಗಳು ಮುಗಿದ ಮೇಲೆ, ಮೇ ತಿಂಗಳಲ್ಲಿ ಬಂದಿತು. ತೆರಿಗೆದಾರರ ಹಣದಿಂದ ಮನೆಬಾಗಿಲಿಗೆ ಬಂದ ಸೇವೆಯಾದ್ದರಿಂದ, ಮತದಾರನಿಗೆ ನಿಜವಾಗಿ ಬೇಕಾದದ್ದನ್ನು ಅದು ಕೊಟ್ಟಿತೇ ಎಂದು ಕೇಳುವ ಹಕ್ಕು ಅದನ್ನು ಪಡೆದ ಪ್ರತಿಯೊಬ್ಬರಿಗೂ ಇದೆ.

ಈ ಹಕ್ಕು ಅಲ್ಲಿ ನೆಲೆಸಿದ್ದ ಕನ್ನಡಿಗರಿಗೂ ಇತ್ತು ಎಂಬುದು ಊರಿನಲ್ಲಿರುವ ಅನೇಕರಿಗೆ ತಿಳಿದಿರಲಾರದು. ಬ್ರಿಟನ್ನಿನಲ್ಲಿ ವಾಸವಾಗಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ಜನಮತಗಣನೆಯಲ್ಲಿ ಮತ ಹಾಕುವ ಅವಕಾಶವಿದ್ದುದರಿಂದ, ಭಾರತದ ಪಾಸ್‌ಪೋರ್ಟ್ ಹಿಡಿದು ಕೆಲಸದ ವೀಸಾದ ಮೇಲೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಮತ ಹಾಕಬಹುದಾಗಿತ್ತು. ಇಪ್ಪತ್ತು ವರ್ಷ ಅಲ್ಲೇ ದುಡಿದಿದ್ದ ಜರ್ಮನಿ ಅಥವಾ ಪೋಲೆಂಡಿನ ಪ್ರಜೆಗೆ, ತೀರ್ಪು ನೇರವಾಗಿ ಅವರ ಬದುಕನ್ನೇ ಮುಟ್ಟುವಂತಿದ್ದರೂ, ಆ ಅವಕಾಶ ಇರಲಿಲ್ಲ. ನನ್ನ ಹೆಸರೂ ಮತದಾರರ ಪಟ್ಟಿಯಲ್ಲಿತ್ತು. ನಾನು ಈ ಕಿರುಹೊತ್ತಿಗೆಯನ್ನು ಓದಿಯೇ ಮತ ಹಾಕಿದೆ, ಉಳಿಯುವ ಪರವಾಗಿ ಹಾಕಿದೆ, ಇಂದಿಗೂ ಅದೇ ಸರಿಯೆಂದು ನಂಬಿದ್ದೇನೆ. ಆದರೂ ಆ ಕಿರುಹೊತ್ತಿಗೆ ತನ್ನ ಕೆಲಸವನ್ನು ಅರ್ಧ ಮಾತ್ರ ಮಾಡಿತೆಂಬುದು ನನ್ನ ಅಭಿಪ್ರಾಯ.

ಮೊದಲು ಅದರ ಗುಣಗಳನ್ನು ಹೇಳಬೇಕು. ಭಾಷೆ ಸರಳವಾಗಿದೆ, ವಾಕ್ಯಗಳು ಚಿಕ್ಕವು, ಕಾನೂನಿನ ಪರಿಭಾಷೆ ಬಹುತೇಕ ಇಲ್ಲ. ಬ್ರಿಟನ್ನಿನ ರಫ್ತಿನಲ್ಲಿ ಶೇ. 44ರಷ್ಟು ಒಕ್ಕೂಟಕ್ಕೆ ಹೋಗುತ್ತದೆ, 50 ಕೋಟಿಗೂ ಹೆಚ್ಚು ಗ್ರಾಹಕರಿರುವ ಏಕ ಮಾರುಕಟ್ಟೆ (ಸದಸ್ಯ ದೇಶಗಳೆಲ್ಲ ಸಮಾನ ನಿಯಮಗಳಡಿ ಸೇರಿದ ಮಾರುಕಟ್ಟೆ) ತಡೆಯಿಲ್ಲದೆ ತೆರೆದಿದೆ, ತೆರಿಗೆಯಾಗಿ ಕಟ್ಟುವ ಪ್ರತಿ ಪೌಂಡಿನಲ್ಲಿ ಒಕ್ಕೂಟಕ್ಕೆ ಸಲ್ಲುವುದು 1 ಪೆನ್ನಿಗಿಂತ ತುಸು ಹೆಚ್ಚು ಎಂಬಂತಹ ಮಾತುಗಳು ಸಾಮಾನ್ಯ ಓದುಗನಿಗೂ ತಿಳಿಯುವಂತಿವೆ. ನಿರ್ಗಮನದ ಪರವಾದವರು ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗುತ್ತಿದೆಯೆಂದು ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ಸುತ್ತಿದರು. ಕಟ್ಟುವ ಹಣದಲ್ಲಿ ಬ್ರಿಟನ್ನಿಗೆ ದೊರೆಯುತ್ತಿದ್ದ ವಿನಾಯಿತಿಯನ್ನು ಕಳೆಯದೆ ಕೊಟ್ಟ ಆ ಅಂಕಿಯನ್ನು ದೇಶದ ಅಂಕಿಅಂಶ ಪ್ರಾಧಿಕಾರವೇ ದಾರಿ ತಪ್ಪಿಸುವಂಥದ್ದೆಂದು ಹೇಳಿತು. ಅದರ ಮುಂದೆ ಸರ್ಕಾರದ ಒಂದು ಪೆನ್ನಿಯ ಲೆಕ್ಕ ಎಷ್ಟೋ ಪ್ರಾಮಾಣಿಕವಾದದ್ದು.

ಕಾಲ ಕಳೆದ ಮೇಲೆ ಓದಿದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ನಿರ್ಗಮನದ ಪರವಾದವರು ಬರೀ ಬೆದರಿಕೆಯೆಂದು ತಳ್ಳಿಹಾಕಿದ ಹಲವು ಎಚ್ಚರಿಕೆಗಳು ನಿಜವಾಗಿವೆ. ಪೌಂಡಿನ ಮೌಲ್ಯ ಕುಸಿದು ದಿನಬಳಕೆಯ ಸಾಮಾನುಗಳ ಬೆಲೆ ಏರಬಹುದೆಂದು ಅದರಲ್ಲಿ ಬರೆದಿತ್ತು. ಮತ ಎಣಿಕೆಯ ರಾತ್ರಿಯೇ ಪೌಂಡ್ ಡಾಲರಿನೆದುರು 1985ರಿಂದೀಚೆಗಿನ ಕನಿಷ್ಠ ಮಟ್ಟಕ್ಕೆ ಬಿದ್ದಿತು. ಹೊರಬಂದರೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅನಿಶ್ಚಿತತೆ ಇರಬಹುದೆಂದಿತ್ತು. 2020ರ ಜನವರಿ 31ರಂದು ದೇಶ ವಿಧ್ಯುಕ್ತವಾಗಿ ಹೊರಬಂದರೂ, ಉತ್ತರ ಐರ್ಲೆಂಡಿನ ವ್ಯಾಪಾರ ನಿಯಮಗಳ ಬಗ್ಗೆ 2023ರಲ್ಲಿ ಮತ್ತೆ ಒಪ್ಪಂದವಾಯಿತು, ಒಕ್ಕೂಟದಿಂದ ಬರುವ ಆಹಾರ ಮತ್ತು ಸಸ್ಯಗಳ ತಪಾಸಣೆ ಮುಂದೆ ಹೋಗುತ್ತ ಹೋಗುತ್ತ 2024ರಲ್ಲಿ ಆರಂಭವಾಯಿತು, 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಎರಡೂ ಕಡೆಯವರು ಸಂಬಂಧವನ್ನು ಸರಿಪಡಿಸಿಕೊಳ್ಳಲು ಮತ್ತೊಮ್ಮೆ ಮಾತಿಗೆ ಕುಳಿತರು. ಯುರೋಪಿನಲ್ಲಿ ಮೊಬೈಲ್ ರೋಮಿಂಗ್ ಶುಲ್ಕ ರದ್ದಾಗಲಿದೆಯೆಂದು ಕಿರುಹೊತ್ತಿಗೆ ಹೇಳಿತ್ತು. ಅದು 2017ರಲ್ಲಿ ರದ್ದಾಯಿತು, ಬ್ರೆಕ್ಸಿಟ್ ಆದ ಮೇಲೆ ಕೆಲವು ದೊಡ್ಡ ಕಂಪನಿಗಳು ಅದನ್ನು ಮರಳಿ ತಂದವು. ಇವು ಸಣ್ಣ ವಿಷಯಗಳಂತೆ ಕಂಡರೂ ಜನರ ಕೈಗೆ ತಾಗುವ ವಿಷಯಗಳು.

ಇನ್ನು ದೋಷಗಳಿಗೆ ಬರುತ್ತೇನೆ. ಮೊದಲನೆಯದು ನ್ಯಾಯಕ್ಕೆ ಸಂಬಂಧಿಸಿದ್ದು. ಅಧಿಕೃತ ಮಾನ್ಯತೆ ಪಡೆದ ಎರಡೂ ಪ್ರಚಾರ ಸಂಘಟನೆಗಳು ತಲಾ 70 ಲಕ್ಷ ಪೌಂಡಿನವರೆಗೆ ಮಾತ್ರ ಖರ್ಚು ಮಾಡಬಹುದೆಂಬ ಮಿತಿ ಇದ್ದಾಗ, ಸರ್ಕಾರವೇ ಒಂದು ಪಕ್ಷ ವಹಿಸಿ ಅದಕ್ಕಿಂತ ಹೆಚ್ಚು ಹಣವನ್ನು ಈ ಒಂದು ಕೆಲಸಕ್ಕೆ ಸುರಿಯಿತು. ಇದನ್ನು ವಿರೋಧಿಸಿದ ಮನವಿಗೆ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಸಂಸತ್ತಿನಲ್ಲಿ ಚರ್ಚೆಯೂ ನಡೆಯಿತು. ಇದಕ್ಕಿಂತ ಒಳ್ಳೆಯ ಮಾದರಿ ಅದೇ ದೇಶದ ಇತಿಹಾಸದಲ್ಲಿತ್ತು. 1975ರ ಜೂನ್‌ನಲ್ಲಿ ಆಗಿನ ಐರೋಪ್ಯ ಸಮುದಾಯದಲ್ಲಿ ಉಳಿಯಬೇಕೇ ಎಂದು ಜನರನ್ನು ಕೇಳಿದಾಗ, ಸಾರ್ವಜನಿಕ ಹಣದಲ್ಲೇ ಮೂರು ಕಿರುಹೊತ್ತಿಗೆಗಳು ಪ್ರತಿ ಮನೆಗೂ ಹೋಗಿದ್ದವು: ಬೇಕು ಎನ್ನುವವರದೊಂದು, ಬೇಡ ಎನ್ನುವವರದೊಂದು, ಸರ್ಕಾರದ್ದೊಂದು. ಮೂರರಲ್ಲಿ ಎರಡು ಒಂದೇ ಕಡೆ ವಾಲಿದ್ದವೆಂಬುದು ನಿಜ. ಆದರೂ ಬೇಡ ಎನ್ನುವವರ ವಾದ ಅವುಗಳ ಪಕ್ಕದಲ್ಲೇ ಮೇಜಿನ ಮೇಲಿತ್ತು. ಆ ಬಾರಿ ಶೇ. 67ರಷ್ಟು ಜನ ಉಳಿಯಲು ಒಪ್ಪಿದರು. 2016ರಲ್ಲಿ ಎರಡೂ ಬಣಗಳಿಗೆ ಉಚಿತವಾಗಿ ಅಂಚೆ ಕಳುಹಿಸುವ ಅನುಕೂಲ ಇತ್ತಾದರೂ, ಸರ್ಕಾರದ ಹೊತ್ತಿಗೆ ಮುಂಚಿತವಾಗಿ ಒಂಟಿಯಾಗಿ ಬಂದದ್ದು ಓದುವವರ ಮನಸ್ಸಿನಲ್ಲಿ ಅನುಮಾನವನ್ನೇ ಬಿತ್ತಿತು.

ಎರಡನೆಯ ದೋಷ ವಲಸೆಯ ಪುಟಗಳಲ್ಲಿದೆ. ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಯುರೋಪಿನ ಷೆಂಗೆನ್ ವಲಯದಲ್ಲಿ ದೇಶ ಇಲ್ಲ, ಗಡಿಯ ಮೇಲೆ ನಮ್ಮದೇ ಹಿಡಿತವಿದೆ, ಹೊಸದಾಗಿ ಬರುವವರಿಗೆ ಸರ್ಕಾರಿ ಸಹಾಯಧನ ಸುಲಭವಾಗಿ ಸಿಗದು ಎಂದೆಲ್ಲ ಬರೆದು, ನಾರ್ವೆಯಂತಹ ದೇಶ ಏಕ ಮಾರುಕಟ್ಟೆಗಾಗಿ ಮುಕ್ತ ಸಂಚಾರವನ್ನು, ಅಂದರೆ ಒಕ್ಕೂಟದ ಪ್ರಜೆಗಳು ಬಂದು ನೆಲೆಸಿ ದುಡಿಯುವ ಹಕ್ಕನ್ನು, ಒಪ್ಪಿಕೊಂಡಿದೆಯೆಂದು ನೆನಪಿಸಲಾಗಿದೆ. ಆದರೆ ನಿವ್ವಳ ವಲಸೆಯನ್ನು (ಬಂದವರ ಸಂಖ್ಯೆಯಲ್ಲಿ ಹೋದವರನ್ನು ಕಳೆದದ್ದು) ವರ್ಷಕ್ಕೆ ಲಕ್ಷಕ್ಕಿಂತ ಕೆಳಗೆ ಇಳಿಸುವೆವೆಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ನೀಡಿದ್ದ ಮಾತು, ಅದು 3 ಲಕ್ಷವನ್ನೂ ದಾಟಿ ಹೋದ ವಾಸ್ತವ, ಇವುಗಳಿಗೆ ಸಮಾಧಾನಕರವಾದ ಉತ್ತರವಿಲ್ಲ. ಬೀದಿಯಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಯೇ ಅದು. ಯುರೋಪಿನಿಂದ ಬರುವವರು ಕಡಿಮೆಯಾದರೆ ಕಾಮನ್‌ವೆಲ್ತ್ ದೇಶಗಳವರಿಗೆ ಬಾಗಿಲು ತೆರೆಯುತ್ತದೆ, ಭಾರತೀಯ ಉಪಾಹಾರ ಗೃಹಗಳಿಗೆ ಅಡುಗೆಯವರು ಸಿಗುತ್ತಾರೆ ಎಂಬ ಮಾತು ನಮ್ಮವರ ನಡುವೆ ಹರಡಿದ್ದಾಗಲೂ ಸರ್ಕಾರ ಅದಕ್ಕೆ ಒಂದು ಸಾಲಿನ ಉತ್ತರವನ್ನೂ ಕೊಡಲಿಲ್ಲ. ಮುಂದೆ ನಿವ್ವಳ ವಲಸೆ 9 ಲಕ್ಷವನ್ನು ಮೀರಿ ಏರಿತು. ಅದಾದ ಮೇಲೆ, 2024ರಲ್ಲಿ, ಸಂಗಾತಿಯನ್ನು ಕರೆತರಲು ಇರಬೇಕಾದ ವಾರ್ಷಿಕ ಆದಾಯದ ಮಿತಿಯನ್ನು 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಲಾಯಿತು. ವಲಸೆ ಇಳಿಯುತ್ತದೆಂದು ನಂಬಿದವರಿಗೂ, ತಮ್ಮವರಿಗೆ ಅನುಕೂಲವಾಗುತ್ತದೆಂದು ನಂಬಿದವರಿಗೂ ಇದು ಸಲ್ಲಬೇಕಾದ ಫಲವಾಗಿರಲಿಲ್ಲ.

ಎಲ್ಲಕ್ಕಿಂತ ಗಂಭೀರವಾದ ದೋಷ ಒಂದು ಭರವಸೆಯಲ್ಲಿದೆ. ತೀರ್ಮಾನ ನಿಮ್ಮದು, ನೀವು ತೀರ್ಮಾನಿಸಿದ್ದನ್ನು ಸರ್ಕಾರ ಜಾರಿಗೆ ತರುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಆದರೆ ಯಾವುದನ್ನು ಜಾರಿಗೆ ತರುವುದು? ನಾರ್ವೆಯ ದಾರಿ ಕಷ್ಟ, ಒಕ್ಕೂಟದೊಂದಿಗಿನ ಕೆನಡಾದ ವ್ಯಾಪಾರ ಒಪ್ಪಂದಕ್ಕೆ ಏಳು ವರ್ಷ ಹಿಡಿದರೂ ಇನ್ನೂ ಜಾರಿಯಾಗಿಲ್ಲ ಎಂದು ಒಂದೊಂದನ್ನೂ ತಿರಸ್ಕರಿಸಿದ ಸರ್ಕಾರ, ಜನ ಹೊರಡಿರಿ ಎಂದರೆ ತಾನು ಯಾವ ದಾರಿ ಹಿಡಿಯುತ್ತೇನೆಂದು ಹೇಳಲೇ ಇಲ್ಲ. ಏಕ ಮಾರುಕಟ್ಟೆಯಲ್ಲಿ ಇರುವುದೋ ಬಿಡುವುದೋ, ಸದಸ್ಯ ದೇಶಗಳ ನಡುವೆ ಆಮದು ಸುಂಕವಿಲ್ಲದ ಸುಂಕ ಒಕ್ಕೂಟದ ಗತಿಯೇನು, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯದ ನಡುವಿನ ಗಡಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಪ್ರತ್ಯೇಕವಾದ ಒಂದು ಭಾಗವನ್ನೂ ಅದು ಮೀಸಲಿಡಲಿಲ್ಲ. ಮುಂದಿನ ನಾಲ್ಕು ವರ್ಷ ಸಂಸತ್ತು ಕಚ್ಚಾಡಿದ್ದೂ, ಕ್ಯಾಮರೂನರ ನಂತರ ಬಂದ ತೆರೇಸಾ ಮೇ ಅಧಿಕಾರ ಕಳೆದುಕೊಂಡದ್ದೂ ಈ ಪ್ರಶ್ನೆಗಳ ಮೇಲೆಯೇ. ಭರವಸೆ ಕೊಟ್ಟ ಪ್ರಧಾನಿ ಫಲಿತಾಂಶ ಬಂದ ಬೆಳಿಗ್ಗೆಯೇ ರಾಜೀನಾಮೆ ಪ್ರಕಟಿಸಿದರು. ಜನಮತಗಣನೆಯಷ್ಟೇ ಸಾಲದು, ಸಂಸತ್ತಿನ ಕಾನೂನು ಇಲ್ಲದೆ ನಿರ್ಗಮನದ ಸೂಚನೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತೀರ್ಪು ನೀಡಬೇಕಾಯಿತು. ಸಂಸತ್ತಿನ ಈ ಪಾತ್ರವನ್ನು ಕಿರುಹೊತ್ತಿಗೆಯೇ ಸ್ಪಷ್ಟವಾಗಿ ಹೇಳಬಹುದಿತ್ತು.

ಸ್ಕಾಟ್ಲೆಂಡಿನ 2014ರ ಸ್ವಾತಂತ್ರ್ಯದ ಜನಮತಗಣನೆಯಲ್ಲಿ ಹೊರಡಬೇಕೆಂದು ಕೇಳಿದ ಅಲ್ಲಿನ ಸರ್ಕಾರವೇ 600ಕ್ಕೂ ಹೆಚ್ಚು ಪುಟಗಳಲ್ಲಿ ತನ್ನ ಯೋಜನೆಯನ್ನು ಬರೆದುಕೊಟ್ಟಿತ್ತು, ಯಾವ ನಾಣ್ಯ, ಯಾವ ಸೇನೆ, ಯಾವ ಪಿಂಚಣಿ ಎಂಬುದನ್ನು ಸಹ. ಜನ ಅದನ್ನು ಓದಿ, ಪ್ರಶ್ನಿಸಿ, ಶೇ. 55ರಷ್ಟು ಮತಗಳಿಂದ ಬೇಡವೆಂದರು. 2016ರಲ್ಲಿ ಹೊರಡುವವರ ಬಳಿ ಒಪ್ಪಿತವಾದ ಒಂದು ಯೋಜನೆ ಇರಲಿಲ್ಲ, ಸರ್ಕಾರವೂ ಅದನ್ನು ಬರೆಯಲಿಲ್ಲ, ಶೇ. 51.9 ಮಂದಿ ಹೊರಡೋಣ ಎಂದಾಗ ಅವರಲ್ಲಿ ಎಷ್ಟೋ ಜನ ಬೇರೆ ಬೇರೆ ನಿರ್ಗಮನಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಒಂದು ದೇಶ ದೊಡ್ಡ ಒಕ್ಕೂಟವನ್ನು ಬಿಡಬೇಕೇ ಎಂಬ ಪ್ರಶ್ನೆಗೆ, ಬಿಟ್ಟು ಎಲ್ಲಿಗೆ ಹೋಗುತ್ತದೆಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ, ಮತದಾರ ಹೇಗೆ ತಾನೇ ಜವಾಬ್ದಾರಿಯಿಂದ ಉತ್ತರಿಸಬಲ್ಲ?

ಈ ಕಿರುಹೊತ್ತಿಗೆ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ದೊರೆಯುತ್ತದೆ. ಸದಸ್ಯತ್ವದ ಲಾಭಗಳನ್ನು ತಿಳಿಯಲು ಬಯಸುವವರಿಗೆ ಅದನ್ನು ಓದಿರೆಂದು ಹೇಳುತ್ತೇನೆ. ಆದರೆ ಹೊರಟರೆ ಏನಾಗುತ್ತದೆ ಎಂಬ ಭಾಗವನ್ನು ಮೊದಲು ಓದಿ, ಅಲ್ಲಿ ಬರೆಯದೆ ಬಿಟ್ಟದ್ದೇನೆಂದು ಪಟ್ಟಿ ಮಾಡಿಕೊಂಡು, ನಂತರ ಉಳಿದ ಪುಟಗಳಿಗೆ ಹೋಗುವುದು ಒಳ್ಳೆಯದು.