ಸಿಬ್ಬಂದಿಯ ಅಭಿಪ್ರಾಯ ಕೇಳಲು ಗೂಗಲ್ ಫಾರ್ಮ್ಸ್: ಕೆಲವು ಮಳೆಗಾಲ ಬಳಸಿದ ಮೇಲೆ

ಮಡಿಕೇರಿ ಹತ್ತಿರದ ರೆಸಾರ್ಟೊಂದರಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಹೌಸ್‌ಕೀಪಿಂಗ್, ಕಿಚನ್, ಗಾರ್ಡನ್, ಫ್ರಂಟ್ ಆಫೀಸ್ ಎಲ್ಲರ ಅಭಿಪ್ರಾಯವನ್ನೂ ಗೂಗಲ್ ಫಾರ್ಮ್ಸ್ ಎಂಬ ಆನ್‌ಲೈನ್ ಪ್ರಶ್ನಾವಳಿಯಲ್ಲೇ ಪಡೆಯುತ್ತಿದ್ದೇವೆ. ದುಡ್ಡು ಕೊಡಬೇಕಿಲ್ಲ, ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಹಾಕಿದರಾಯಿತು. ಮೊದಲ ಪ್ರಶ್ನೆಯಲ್ಲೇ ಭಾಷೆ ಕೇಳಿ, ಉತ್ತರ ನೋಡಿಕೊಂಡು ಕನ್ನಡ ಅಥವಾ ಹಿಂದಿ ಭಾಗಕ್ಕೆ ಕಳಿಸುವ ಸೌಲಭ್ಯವಿದೆ. ಅಸ್ಸಾಮಿನಿಂದ ಬಂದ ಹುಡುಗರಿಗೆ ಇದು ತುಂಬಾ ಉಪಯೋಗಕ್ಕೆ ಬಂತು. ಓದಲು ಬಾರದವರ ಹತ್ತಿರ ಮಾತ್ರ ಕೂತು ಕೇಳಲೇಬೇಕು. ಬಾಯಲ್ಲಿ ಹೇಳಿ ದಾಖಲಿಸುವ ಪ್ರಶ್ನೆ ಇದರಲ್ಲಿಲ್ಲ.

ಬರೆದವರು ಯಾರೆಂದು ಗೊತ್ತಾಗಬಾರದು ಎಂದಿದ್ದರೆ ಬಹಳ ಜಾಗ್ರತೆ ಬೇಕು. ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿದರೂ, ಉತ್ತರಗಳೆಲ್ಲ ಸಾಲಾಗಿ ಬಂದು ಸೇರುವ ಗೂಗಲ್ ಶೀಟಿನಲ್ಲಿ ಪ್ರತಿ ಉತ್ತರದ ಪಕ್ಕ ದಿನ, ಗಂಟೆ, ನಿಮಿಷ ಬೀಳುತ್ತದೆ. ನಡುರಾತ್ರಿ ಬಂದ ಉತ್ತರ ನೈಟ್ ಡ್ಯೂಟಿಯವರದ್ದೆಂದು ಯಾರಾದರೂ ಊಹಿಸಬಲ್ಲರು. ಹಾಗಾಗಿ ಶೀಟನ್ನು ವಿಭಾಗದ ಮುಖ್ಯಸ್ಥರಿಗೆ ಕೊಡುವುದಿಲ್ಲ, ಒಟ್ಟು ಸಾರಾಂಶವನ್ನಷ್ಟೇ ತೋರಿಸುತ್ತೇನೆ. 'ಒಬ್ಬರಿಗೆ ಒಂದೇ ಉತ್ತರ' ಎಂಬ ಮಿತಿ ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಲಾಗಿನ್ ಕಂಡ ಕೂಡಲೇ ಜನ ಹಿಂಜರಿಯುತ್ತಾರೆ, ಆ ಹಿಂಜರಿಕೆ ಸಹಜ. ಒಬ್ಬರೇ ಎರಡು ಸಲ ತುಂಬಿದರೂ ಪರವಾಗಿಲ್ಲ ಎಂದು ಆ ಮಿತಿ ಬಿಟ್ಟಿದ್ದೇವೆ.

ಒಂದರಿಂದ ಐದರವರೆಗೆ ಅಂಕ ಕೊಡುವ ಪ್ರಶ್ನೆಗಳಿಂದ ನಮಗೆ ಹೆಚ್ಚೇನೂ ಸಿಗಲಿಲ್ಲ, ಮೂರು ಒತ್ತಿ ಮುಂದೆ ಹೋಗುವವರೇ ಹೆಚ್ಚು. 'ಈ ತಿಂಗಳು ನಿಮ್ಮ ಕೆಲಸಕ್ಕೆ ಅಡ್ಡಿಯಾಗಿದ್ದು ಏನು?' ಎಂದು ಬರೆಯಲು ಜಾಗ ಬಿಟ್ಟ ಮೇಲೆ ನಿಜವಾದ ಮಾತು ಬಂತು. ಜುಲೈಯಲ್ಲಿ ಸಾಲುಸಾಲಾಗಿ ಒಂದೇ ದೂರು: ಯೂನಿಫಾರ್ಮ್ ಒಣಗುವುದಿಲ್ಲ, ಒದ್ದೆ ಬಟ್ಟೆಯಲ್ಲೇ ಡ್ಯೂಟಿಗೆ ಬರುತ್ತಿದ್ದೇವೆ. ಕೊಡಗಿನ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೂ ಮೇಲಿನವರು ಯಾರೂ ಅದನ್ನು ಕೇಳಿರಲಿಲ್ಲ. ಇನ್ನೊಂದು ಜೊತೆ ಬಟ್ಟೆ ಕೊಟ್ಟೆವು, ಲಾಂಡ್ರಿಯ ಡ್ರೈಯರನ್ನು ಸಿಬ್ಬಂದಿಗೂ ಬಿಟ್ಟೆವು. 'ನೀವು ಹೇಳಿದ್ದು, ನಾವು ಮಾಡಿದ್ದು, ಆಗದೇ ಹೋದದ್ದು ಮತ್ತು ಯಾಕೆ' ಎಂದು ಬರೆದು ಸ್ಟಾಫ್ ಮೆಸ್ಸಿನ ಗೋಡೆಗೂ ಅಂಟಿಸಿದೆವು. ಮುಂದಿನ ಫಾರ್ಮಿಗೆ ಉತ್ತರ ಹೆಚ್ಚಿದ್ದು ಈ ಹಾಳೆಯಿಂದ ಎಂದೇ ನನ್ನ ನಂಬಿಕೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಜೆಯ ಸರದಿಯನ್ನು ಮೊದಲೇ ಹೇಳಿಬಿಡಿ ಎಂಬ ಬೇಡಿಕೆ ಬಂದದ್ದೂ ಆಮೇಲೆಯೇ.

ಇಂಟರ್ನೆಟ್ ಇಲ್ಲದಿದ್ದರೆ ಫಾರ್ಮ್ ಕಳಿಸಲಾಗದು. ನಮ್ಮಲ್ಲಿ ಜೋರು ಮಳೆಗೆ ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಹೋಗುತ್ತವೆ. ಮಳೆಗಾಲದಲ್ಲಿ ಬಳಸುವವರು ಅದೇ ಪ್ರಶ್ನೆಗಳ ಪ್ರಿಂಟ್ ತೆಗೆದು, ಬೀಗ ಹಾಕಿದ ಒಂದು ಡಬ್ಬಿಯನ್ನೂ ಇಡಿ. ಅದರ ಕೀಲಿ ಸೂಪರ್‌ವೈಸರ್ ಕೈಯಲ್ಲಿರಬಾರದು.