ಅಪ್ಪನಿಗೆ ತಂದ ಪ್ರೋಬಯಾಟಿಕ್ ಕ್ಯಾಪ್ಸೂಲ್: ನಡುಕಕ್ಕಲ್ಲ, ಹೊಟ್ಟೆಗೆ

ಅಪ್ಪನಿಗೆ ಪಾರ್ಕಿನ್ಸನ್ಸ್ ಇದೆ, ಕೈಕಾಲು ನಡುಗುವ, ಓಡಾಟ ನಿಧಾನವಾಗುವ ಮೆದುಳಿನ ಕಾಯಿಲೆ. ಮೂರು ತಿಂಗಳಿಂದ ಒಂದು ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದು ಅನ್ನುವ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ಕೊಡುತ್ತಿದ್ದೇನೆ. ಕಂಪನಿ ಹೆಸರು ಬೇಡ. ಡಬ್ಬದ ಮೇಲೆ ಮೆದುಳಿನ ಚಿತ್ರ, ಕರುಳಿನಿಂದ ಅಲ್ಲಿಗೊಂದು ಗೆರೆ, ಕೆಳಗೆ ‘ನಡುಕಕ್ಕೆ ಪರಿಹಾರ’ ಅಂತ ದಪ್ಪ ಅಕ್ಷರ. ನಾನು ಕೊಂಡಿದ್ದೇ ಅದನ್ನು ನೋಡಿ. ನಡುಕ ಒಂದು ಚೂರೂ ಕಡಿಮೆ ಆಗಿಲ್ಲ. ಆದರೂ ನಿಲ್ಲಿಸಿಲ್ಲ.

ಅಪ್ಪನ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದಲೇ ಮಲಬದ್ಧತೆ ಇತ್ತು. ವಯಸ್ಸಾಯ್ತಲ್ಲ ಅಂತ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ಕಾಯಿಲೆ ಬರುವ ತುಂಬಾ ಜನರಲ್ಲಿ ಹೀಗೇ ಆಗುತ್ತದೆ. ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ 2003ರಲ್ಲೇ, ಇದು ಹೊಟ್ಟೆಯಲ್ಲಿ ಶುರುವಾಗಿ, ಹೊಟ್ಟೆಗೂ ಮೆದುಳಿಗೂ ನಡುವೆ ಇರುವ ವೇಗಸ್ ನರ ಹಿಡಿದು ಮೆದುಳಿಗೆ ಹತ್ತುತ್ತಿರಬಹುದು ಅಂದಿದ್ದರು. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು, ಕಾಯಿಲೆ ಬರುವ ಹಾಗೆ ಜೀನ್ ಬದಲಿಸಿದ ಇಲಿಗಳಿಗೆ ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಹಾಕಿ ನೋಡಿದರು. ಆರೋಗ್ಯವಂತರ ಬ್ಯಾಕ್ಟೀರಿಯಾ ಸಿಕ್ಕ ಇಲಿಗಳಿಗಿಂತ ಇವುಗಳ ಓಡಾಟ ಜಾಸ್ತಿ ಕೆಟ್ಟಿತು. ಸರಿ, ಆದರೆ ಇಲಿಯಲ್ಲಿ ಕಾಯಿಲೆ ಜಾಸ್ತಿಯಾಯ್ತು ಅನ್ನುವುದಕ್ಕೂ, ಈ ಕ್ಯಾಪ್ಸೂಲ್ ನುಂಗಿದರೆ ಮನುಷ್ಯನ ನಡುಕ ನಿಲ್ಲುತ್ತದೆ ಅನ್ನುವುದಕ್ಕೂ ಎಷ್ಟು ದೂರ, ಅಲ್ವಾ? ಸಂಕಟದಲ್ಲಿ ಇರುವವರಿಗೆ ಹೀಗೆ ಆಸೆ ಹುಟ್ಟಿಸಬಾರದು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಈಗ ಒಳ್ಳೆಯದು ಹೇಳುತ್ತೇನೆ. ಮೂರನೇ ವಾರದ ಹೊತ್ತಿಗೆ ಹೊಟ್ಟೆ ಸಡಿಲವಾಯಿತು. ಮೊದಲು ನಾಲ್ಕೈದು ದಿನಕ್ಕೊಮ್ಮೆ ಆಗುತ್ತಿದ್ದುದು ಈಗ ದಿನ ಬಿಟ್ಟು ದಿನ ಆಗುತ್ತಿದೆ. ಬೆಳಿಗ್ಗೆ ಲೆವೊಡೋಪಾ (ಈ ಕಾಯಿಲೆಯ ಮುಖ್ಯ ಮಾತ್ರೆ) ನುಂಗಿ, ಶರ್ಟ್ ಹಾಕಿಕೊಂಡು, ಗುಂಡಿ ಹಾಕಲು ಆಗದೆ ಮಂಚದ ತುದಿಯಲ್ಲಿ ಒಂದು ಗಂಟೆಗೂ ಜಾಸ್ತಿ ಸುಮ್ನೆ ಕೂತಿರುತ್ತಿದ್ದರು. ಹೊಟ್ಟೆ ಹಗುರಾದ ದಿನ ಅರ್ಧ ಗಂಟೆಗೆಲ್ಲ ಮಾತ್ರೆ ಹಿಡಿಯುತ್ತದೆ, ಕೊನೆಯ ಗುಂಡಿಯನ್ನೂ ಅವರೇ ಹಾಕಿಕೊಳ್ಳುತ್ತಾರೆ. ಡಾಕ್ಟರ್ ಹೇಳಿದ್ದು ಇಷ್ಟು: ಲೆವೊಡೋಪಾ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ, ಹೊಟ್ಟೆ ನಿಧಾನವಾದರೆ ಮಾತ್ರೆಯೂ ಅಲ್ಲಿಗೆ ತಲುಪದೆ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಇನ್ನೊಂದು ವಿಷಯ. ಈ ಔಷಧಿ ಮೆದುಳಿಗೆ ಹೋಗಿ ಡೋಪಮೈನ್ ಅನ್ನುವ ರಾಸಾಯನಿಕ ಆಗಬೇಕು, ಈ ಕಾಯಿಲೆಯಲ್ಲಿ ಕಡಿಮೆ ಆಗುವುದು ಅದೇ. ಆದರೆ ಎಂಟರೊಕಾಕಸ್ ಫೀಕಾಲಿಸ್ ಅನ್ನುವ ಬ್ಯಾಕ್ಟೀರಿಯಾ ಈ ಔಷಧಿಯನ್ನು ಕರುಳಿನಲ್ಲೇ ಡೋಪಮೈನ್ ಮಾಡಿಬಿಡಬಲ್ಲದು ಅಂತ 2019ರಲ್ಲಿ ಗೊತ್ತಾಯಿತು. ಅಲ್ಲಿ ಆದ ಡೋಪಮೈನ್ ಮೆದುಳಿಗೆ ದಾಟುವುದಿಲ್ಲ. ಅಪ್ಪನ ಕರುಳಿನಲ್ಲಿ ಅದು ನಡೆಯುತ್ತಿದೆ ಅಂತಲ್ಲ, ಈ ಕ್ಯಾಪ್ಸೂಲ್ ಅದನ್ನು ತಡೆಯುತ್ತದೆ ಅಂತಲೂ ಅಲ್ಲ. ಹೊಟ್ಟೆಗೂ ಈ ಕಾಯಿಲೆಗೂ ಇರುವ ನಂಟು ಸಣ್ಣದಲ್ಲ ಅಂತ ಅಷ್ಟೇ.

ಮುಚ್ಚಳದ ಬಗ್ಗೆ ಹೇಳಲೇಬೇಕು. ಒತ್ತಿ ಹಿಡಿದು ತಿರುಗಿಸಬೇಕು. ನಡುಗುವ ಕೈಯಲ್ಲಿ ಅದು ಆಗುವ ಕೆಲಸವೇ? ಕ್ಯಾಪ್ಸೂಲೂ ದಪ್ಪ, ಈ ಕಾಯಿಲೆಯಲ್ಲಿ ನುಂಗುವುದೇ ಕಷ್ಟ ಅಂತ ಮಾಡಿದವರಿಗೆ ಗೊತ್ತಿರಬೇಕಿತ್ತು. ಒಳಗೆ ಯಾವ ತಳಿಯ ಬ್ಯಾಕ್ಟೀರಿಯಾ ಇದೆ ಅಂತ ಪೂರ್ತಿ ಬರೆದೂ ಇಲ್ಲ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಮಲಬದ್ಧತೆಗೆ. ಇದನ್ನು ನಂಬಿ ಲೆವೊಡೋಪಾ ಒಂದು ಹೊತ್ತೂ ತಪ್ಪಿಸಬೇಡಿ. ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ. ಮುಂದಿನ ಡಬ್ಬ ತರುತ್ತೇನೆ, ಮುಚ್ಚಳ ಸುಲಭವಾಗಿ ತೆಗೆಯುವಂಥದ್ದು ಬೇರೆ ಎಲ್ಲಾದರೂ ಸಿಕ್ಕರೆ ಅದನ್ನೇ.